ಸ್ಟ್ರೋಲರ್ ಬಿಡಿಸುವಾಗ ಕಂಬ ಎಣಿಸಬೇಕಾದ್ದು ಮನೆ ಕಡೆಯಿಂದ

ಎರಡೂವರೆ ವರ್ಷಕ್ಕೇ ಸ್ಟ್ರೋಲರ್ ಬಿಡಿಸುತ್ತೇನೆ ಅಂದಾಗ ಅಕ್ಕಪಕ್ಕದ ಮನೆಯವರಿಂದ ಹಿಡಿದು ನಮ್ಮತ್ತೆಯವರ ತನಕ ಎಲ್ಲರದ್ದೂ ಒಂದೇ ರಾಗ: "ಆಮೇಲೆ ಸೊಂಟದ ಮೇಲೆ ನೀನೇ ಹೊರ್ತೀಯ, ನೋಡ್ತಿರು." ಹೊರಲಿಲ್ಲ. ಮೂರು ತುಂಬುವ ಹೊತ್ತಿಗೆ ದೊಡ್ಡವನು ಜಯನಗರ ಎರಡನೇ ಬ್ಲಾಕಿನಿಂದ ಲಾಲ್‌ಬಾಗಿಗೆ ಹೋಗಿ, ಒಳಗೊಂದು ಚಿಕ್ಕ ಸುತ್ತು ಹಾಕಿ, ನಡೆದೇ ಮನೆಗೆ ಬರುತ್ತಿದ್ದ. ಹತ್ತಿರ ಹತ್ತಿರ ಮೂರು ಕಿಲೋಮೀಟರ್. ಚಿಕ್ಕವಳಿಗೂ ಇದೇ ದಾರಿ ಹಿಡಿದೆ, ಅವಳದ್ದು ಇನ್ನೂ ಬೇಗ ಆಯಿತು. ಒಂದೇ ಮಗುವಾಗಿದ್ದರೆ ಅದೃಷ್ಟ ಅನ್ನಬಹುದಿತ್ತು. ಈಗ ಅದೇ ಅಕ್ಕಪಕ್ಕದವರು ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಗಾಡಿ ಮಡಚುವುದು, ಬ್ರೇಕ್ ಹಾಕುವುದು, ಬೆಲ್ಟು ಬಿಗಿಯುವುದು ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಉಳಿದದ್ದು ಬರೆಯುತ್ತೇನೆ.

ಯಾವಾಗ ಶುರು ಮಾಡಬೇಕು ಅನ್ನುವುದಕ್ಕೆ ಮಗುವಿನ ವಯಸ್ಸಿಗಿಂತ ಗಾಡಿಯನ್ನು ನೋಡಿ. ಕೆಳಗಿನ ಕೊಳವೆಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಎಷ್ಟು ತೂಕ ತಡೆಯುತ್ತದೆ ಅಂತ ಬರೆದಿರುತ್ತದೆ. ನಮ್ಮಲ್ಲಿ ಸಿಗುವ ಬಹಳಷ್ಟು ಗಾಡಿಗಳಿಗೆ 15 ಕೆಜಿ, ಕೆಲವಕ್ಕೆ 22. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಮೂರು ವರ್ಷದ ಮಗುವಿನ ಸರಾಸರಿ ತೂಕ 14 ಕೆಜಿ ಆಸುಪಾಸು, ನಾಲ್ಕಕ್ಕೆ 16ರ ಮೇಲೆ. ಅಂದರೆ 15 ಕೆಜಿಯ ಗಾಡಿ ಮೂರೂವರೆಗೆ ಕೈ ಎತ್ತುತ್ತದೆ. ಅದಕ್ಕೂ ಮೊದಲೇ ಬೇರೆ ಸೂಚನೆ ಸಿಗುತ್ತದೆ. ಭುಜದ ಬೆಲ್ಟು ಹೊರಬರುವ ತೂತು ಮಗುವಿನ ಭುಜಕ್ಕಿಂತ ಕೆಳಗಿಳಿಯುತ್ತದೆ, ನೆತ್ತಿ ಮೇಲಿನ ಮುಸುಕಿಗೆ ತಾಗುತ್ತದೆ, ಪಾದ ಕಾಲುಪಟ್ಟಿ ದಾಟಿ ಮುಂದಿನ ಚಕ್ರದ ಹತ್ತಿರ ತೂಗಾಡುತ್ತದೆ. ಮೊದಲೆರಡು ಆದರೆ ಇನ್ನೂ ಸಮಯ ಇದೆ. ಮೂರನೆಯದು ಕಂಡರೆ ಅವತ್ತೇ ನಿಲ್ಲಿಸಿ. ಶೂವಿನ ತುದಿ ಚಕ್ರಕ್ಕೂ ಅದನ್ನು ಹಿಡಿದಿರುವ ಕವಲಿಗೂ ನಡುವೆ ಸಿಕ್ಕಿಕೊಂಡರೆ ಬೆರಳೇ ತಿರುಚುತ್ತದೆ.

ಬೆಂಗಳೂರಿನಲ್ಲಂತೂ ಗಾಡಿಯ ಆಯಸ್ಸನ್ನು ಫುಟ್‌ಪಾತೇ ಮುಗಿಸುತ್ತದೆ. ಚಪ್ಪಡಿ ಚಪ್ಪಡಿಯ ನಡುವೆ ಎರಡು ಬೆರಳು ಸಂದು, ಒಂದು ಚಪ್ಪಡಿಯನ್ನು ಹೊಂಗೆ ಬೇರು ಎತ್ತಿರುತ್ತದೆ, ಇನ್ನೊಂದು ಕೇಬಲ್ಲಿಗೆ ಅಗೆದು ಓರೆಯಾಗಿ ಕೂತಿರುತ್ತದೆ. ಐದಾರು ಅಂಗುಲದ ಮುಂದಿನ ಚಕ್ರ ಆ ಸಂದಿಗೆ ಅಡ್ಡ ತಿರುಗಿ ಇಳಿದರೆ ಗಾಡಿ ಅಲ್ಲೇ ನಾಟುತ್ತದೆ, ಹಿಂದಿನಿಂದ ತಳ್ಳಿದಷ್ಟೂ ಹಿಡಿಕೆ ಮೇಲೇಳುತ್ತದೆ. ಹದಿಮೂರು ಕೆಜಿ ಮಗುವನ್ನು ಕೂರಿಸಿಕೊಂಡು ಹೀಗೆ ಹತ್ತು ಕಡೆ ಎತ್ತಿ ಇಳಿಸುವವರು "ಮಗು ನಡೆದರೆ ತಡ ಆಗುತ್ತೆ" ಅನ್ನುವುದು ನನಗೆ ಅರ್ಥವಾಗಿಲ್ಲ.

ಇನ್ನೊಂದು ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನವರಿಗೆ ಕೊಟ್ಟ ಸಲಹೆ: ಗಾಡಿಯಲ್ಲಿ ಕಟ್ಟಿ ಕೂರಿಸುವುದು ಒಂದು ಸಲಕ್ಕೆ ಒಂದು ಗಂಟೆ ಮೀರಬಾರದು, ಒಂದು ವರ್ಷ ದಾಟಿದ ಮಗು ದಿನಕ್ಕೆ ಕಡಿಮೆಯೆಂದರೂ 180 ನಿಮಿಷ ಓಡಾಡಿಕೊಂಡಿರಬೇಕು. ಫ್ಲ್ಯಾಟಿನೊಳಗೆ ಮೂರು ಗಂಟೆ ಓಡಾಡುವ ಜಾಗ ಎಲ್ಲಿಂದ ತರೋಣ? ಬೀದಿಯಲ್ಲೇ ಆಗಬೇಕು.

ಎಲ್ಲರೂ ಮಾಡುವ ಕ್ರಮ ಎರಡು, ಎರಡೂ ಕೈಕೊಡುತ್ತವೆ. ಒಂದು, ಹುಟ್ಟುಹಬ್ಬದ ಮಾರನೇ ದಿನ ಗಾಡಿಯನ್ನು ಅಟ್ಟಕ್ಕೆ ಹಾಕುವುದು. ನಾಲ್ಕು ದಿನ ಹುರುಪು, ಐದನೇ ದಿನ ಅರ್ಧ ದಾರಿಯಲ್ಲಿ ಮಗು ರಸ್ತೆ ಮೇಲೆ ಕುಕ್ಕರಿಸುತ್ತದೆ, ಆಗ ಎತ್ತಿಕೊಳ್ಳಲೇಬೇಕು. ಒಮ್ಮೆ ಎತ್ತಿದಿರೋ, ಗಾಡಿಯ ಬದಲು ಸೊಂಟ ಬಂತು ಅಷ್ಟೇ. ಇನ್ನೊಂದು, ಹೋಗುವಾಗ ಕೂರಿಸಿ ಬರುವಾಗ ನಡೆಸುವುದು. ನಮಗೆ ಅವಸರ ಇರುವುದು ಹೋಗುವಾಗ, ಹಾಗಾಗಿ ಎಲ್ಲರೂ ಹೀಗೇ ಮಾಡುತ್ತಾರೆ. ಆದರೆ ಕಾಲಿನಲ್ಲಿ ಕಸುವಿದ್ದಾಗ ಕೂರಿಸಿ, ಸುಸ್ತಾದಾಗ ನಡಿ ಅಂದರೆ ಯಾವ ಮಗು ನಡೆಯುತ್ತದೆ?

ನಾನು ಮಾಡಿದ್ದು ಇದನ್ನು ತಿರುಗಿಸಿ. ಹೋಗುವಾಗ ಗಾಡಿ ಖಾಲಿ, ಮಗು ನಡೆಯಬೇಕು. ಬರುವಾಗ ಕೂರಬಹುದು, ಕೇಳಿದ ತಕ್ಷಣ, ಮುಖ ಗಂಟಿಕ್ಕದೆ ಕೂರಿಸಬೇಕು. ಮನೆ ಹತ್ತಿರ ಬಂದಾಗ, ಗೇಟಿಗೆ ಎರಡು ಲೈಟುಕಂಬ ಇರುವಂತೆ ಇಳಿಸಿ, ಗಾಡಿ ಮಡಚಿ, ಉಳಿದದ್ದು ನಡಿಗೆ. ಗೇಟು ಕಣ್ಣಿಗೆ ಕಾಣುತ್ತಿರುತ್ತದೆ, ಒಳಗೆ ಅಜ್ಜಿ, ಹಾಲು, ಆಟದ ಸಾಮಾನು ಎಲ್ಲ ಇದೆ, ಹಟ ಬರುವುದಿಲ್ಲ. ನಾಲ್ಕೈದು ದಿನ ಎರಡೇ ಕಂಬ. ಆಮೇಲೆ ನಾಲ್ಕು ಕಂಬಕ್ಕೆ ಇಳಿಸುವುದು, ಆಮೇಲೆ ಆರಕ್ಕೆ. ನಮ್ಮ ಬೀದಿಯಲ್ಲಿ ಕಂಬಕ್ಕೂ ಕಂಬಕ್ಕೂ ಇಪ್ಪತ್ತೈದು ಮೂವತ್ತು ಮೀಟರ್ ಇರಬಹುದು. ಮೀಟರ್, ನಿಮಿಷ ಮಗುವಿಗೆ ತಿಳಿಯುವುದಿಲ್ಲ, ಕಂಬ ಎಣಿಸುವುದು ತಿಳಿಯುತ್ತದೆ. ಕಬ್ಬಿಣದ ಕಂಬ ಮುಟ್ಟಲು ಬಿಡಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಕಂಬದ ಎದುರಿನ ಕಾಂಪೌಂಡ್ ಗೋಡೆ ಮುಟ್ಟಿಸಿ.

ಕೂರುವ ದಾರಿ ಹೀಗೆ ಮನೆ ಕಡೆಯಿಂದ ಕರಗುತ್ತಾ ಹೋಗುತ್ತದೆ. ಆರೇಳು ವಾರದಲ್ಲಿ ಪಾರ್ಕಿನ ಗೇಟಿನಿಂದ ಮೊದಲ ತಿರುವಿನ ತನಕ ಮಾತ್ರ ಕೂರುವುದು ಉಳಿದಿತ್ತು. ಇಲ್ಲಿ ಎಲ್ಲರೂ ಒಂದು ಕಡೆ ಸಿಕ್ಕಿಕೊಳ್ಳುತ್ತಾರೆ. ಅರ್ಧ ದಾರಿ ತಲುಪಿದ ಮೇಲೆ ಕಂಬ ಹೆಚ್ಚಿಸಲು ಹೋದರೆ ಮಗು ಒಪ್ಪುವುದಿಲ್ಲ, ಯಾಕೆಂದರೆ ಅಲ್ಲಿಂದ ಮನೆ ಕಾಣುವುದಿಲ್ಲ. ಅಲ್ಲಿ ಒಂದು ವಾರ ಏನೂ ಬದಲಿಸದೆ ನಿಲ್ಲಿ, ದಾರಿಯಲ್ಲಿ ಇನ್ನೊಂದು ಗುರಿ ಹುಟ್ಟಿಸಿ: ಎಳನೀರಿನ ಗಾಡಿ, ಹೂವಿನ ಅಂಗಡಿ, ಕಟ್ಟೆ ಇರುವ ಅರಳಿಮರ. ಕೊನೆಯ ತಿರುವನ್ನು ದಾಟಿಸಲು ನಾನು ಹೇಳುತ್ತಿದ್ದ ಒಂದು ಮಾತಿದೆ. ಅದು ಮಕ್ಕಳಿಬ್ಬರ ಮೇಲೂ ನಡೆದಿದೆ, ಆದರೆ ಅದನ್ನು ಇಲ್ಲಿ ಬರೆಯುವುದಿಲ್ಲ. ದೊಡ್ಡವನು ಈಗ ಓದಲು ಕಲಿತಿದ್ದಾನೆ.

ಗಾಡಿ ಬರೀ ಮಗುವನ್ನು ಹೊರುತ್ತಿರಲಿಲ್ಲ ಅನ್ನುವುದನ್ನು ಮರೆಯಬೇಡಿ. ಸಾಮಾನು ಹೊರುತ್ತಿತ್ತು, ಮಲಗಿಸುತ್ತಿತ್ತು, ಜನಜಂಗುಳಿಯಲ್ಲಿ ಕಟ್ಟಿಹಾಕುತ್ತಿತ್ತು. ಈ ಮೂರಕ್ಕೂ ಬೇರೆ ಬೇರೆ ದಾರಿ ಮಾಡದಿದ್ದರೆ ಮಗು ತಯಾರಾದರೂ ನೀವು ಗಾಡಿ ಬಿಡುವುದಿಲ್ಲ.

ಸಾಮಾನು: ಹಿಡಿಕೆಗೆ ತರಕಾರಿ ಚೀಲ ನೇತುಹಾಕಿದ ಗಾಡಿಯಿಂದ ಮಗು ಇಳಿದ ಕ್ಷಣವೇ ಗಾಡಿ ಹಿಂದಕ್ಕೆ ಮಗುಚುತ್ತದೆ. ಖಾಲಿ ಗಾಡಿ ತಳ್ಳುವ ದಿನಗಳಲ್ಲಿ ಭಾರವೆಲ್ಲ ಕೆಳಗಿನ ಬುಟ್ಟಿಗೆ, ಅದೂ ಅದರ ಮೇಲೆ ಬರೆದಷ್ಟೇ, ಹೆಚ್ಚಿನವಕ್ಕೆ ಎರಡು ಮೂರು ಕೆಜಿ. ಬೆನ್ನಿಗೆ ಹಾಕುವ ಚೀಲ ಆಗಲೇ ರೂಢಿ ಮಾಡಿಕೊಳ್ಳಿ. ನೀರು, ಒಂದು ಜೊತೆ ಬಟ್ಟೆ, ಎರಡು ಏಲಕ್ಕಿ ಬಾಳೆ, ಇಷ್ಟು ಸಾಕು. ಬಾಳೆ ಅರ್ಧ ದಾರಿಗೆ ಅರ್ಧ. ಚಿಕ್ಕಿ, ಇಡೀ ಕಡಲೆಕಾಯಿ ಬೀಜ ನಡೆಯುವಾಗ ಕೊಡಬೇಡಿ, ಈ ವಯಸ್ಸಿನವರಿಗೆ ಗಂಟಲಿಗೆ ಸಿಕ್ಕಿಕೊಳ್ಳುವ ತಿಂಡಿ ಅವು. ಬಿಸ್ಕತ್ತನ್ನೂ ಮಗುವಿನ ಕೈಗೆ ಕೊಡಬೇಡಿ. ಬೀದಿನಾಯಿಯ ಮೂತಿಯ ಎತ್ತರವೂ ಎರಡೂವರೆ ವರ್ಷದ ಮಗುವಿನ ಕೈಯ ಎತ್ತರವೂ ಒಂದೇ. ನಾಯಿ ಬರುವುದು ಬಿಸ್ಕತ್ತಿಗೆ, ಮಗು ಕಿರುಚಿ ಓಡುತ್ತದೆ, ಆಮೇಲೆ ಆ ಬೀದಿಗೇ ಕಾಲಿಡುವುದಿಲ್ಲ.

ನಿದ್ದೆ: ಗಾಡಿಯಲ್ಲೇ ಮಲಗುವ ಅಭ್ಯಾಸ ಇರುವ ಮಗುವಿಗೆ ಮೊದಲು ಮಧ್ಯಾಹ್ನದ ನಿದ್ದೆಯನ್ನು ಹಾಸಿಗೆಗೆ ತನ್ನಿ. ಅದಕ್ಕೇ ಹತ್ತು ಹದಿನೈದು ದಿನ ಹಿಡಿಯುತ್ತದೆ. ಆಮೇಲೆ ನಡಿಗೆ. ಎರಡನ್ನೂ ಒಟ್ಟಿಗೆ ಹಚ್ಚಿಕೊಂಡರೆ ಎರಡೂ ಕೆಡುತ್ತವೆ. ಸಂಜೆ ನಾಲ್ಕು, ನಾಲ್ಕೂವರೆಗೆ ಹೊರಡುವುದು ಒಳ್ಳೆಯದು. ಶುರು ಮಾಡಲು ದೀಪಾವಳಿ ಕಳೆದ ಮೇಲಿನ ತಿಂಗಳುಗಳೇ ಸರಿ. ಸಂಜೆ ಮಳೆ ಕಾಟ ಕಡಿಮೆ, ಟಾರು ಸುಡುವುದಿಲ್ಲ. ಆಗ ಆರು, ಆರೂವರೆಗೆಲ್ಲ ಕತ್ತಲಾಗುತ್ತದೆ ಅನ್ನುವುದು ಲೆಕ್ಕದಲ್ಲಿರಲಿ, ಯಾಕೆಂದರೆ ಈ ಮಕ್ಕಳು ನಿಂತು, ಕೂತು, ಇರುವೆ ನೋಡಿ, ಕಲ್ಲು ಹೆಕ್ಕಿ ನಡೆಯುವ ವೇಗ ಗಂಟೆಗೆ ಒಂದೂವರೆ ಕಿಲೋಮೀಟರ್. ಒಂದು ಕಿಲೋಮೀಟರಿಗೆ ನಲವತ್ತು ನಿಮಿಷ ಇಟ್ಟುಕೊಂಡು ಹೊರಡಿ. ಇಪ್ಪತ್ತು ನಿಮಿಷ ಇಟ್ಟುಕೊಂಡವರೇ ಕೊನೆಗೆ ಎತ್ತಿಕೊಳ್ಳುವುದು.

ಜನಜಂಗುಳಿ: ಮಗು ಗೋಡೆ ಕಡೆ, ನೀವು ರಸ್ತೆ ಕಡೆ, ಇದರಲ್ಲಿ ವಿನಾಯಿತಿ ಇಲ್ಲ. ಮಣಿಕಟ್ಟು ಹಿಡಿದು ದರದರ ಎಳೆಯಬೇಡಿ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಕೈಯನ್ನು ಸರಕ್ಕನೆ ಎಳೆದರೆ ಮೊಣಕೈ ಮೂಳೆ ಜಾರುತ್ತದೆ, ಕೈ ಜೋತುಬಿಟ್ಟುಕೊಂಡು ಅಳುತ್ತಾರೆ. ವೈದ್ಯರು ಒಂದು ನಿಮಿಷದಲ್ಲಿ ಕೂರಿಸುತ್ತಾರೆ, ಆದರೆ ಒಮ್ಮೆ ಜಾರಿದ್ದು ಮತ್ತೆ ಜಾರುವುದು ಸುಲಭ. ಮಗುವೇ ನಿಮ್ಮ ಎರಡು ಬೆರಳು ಹಿಡಿಯಲಿ, ಅದರ ಮುಷ್ಟಿಯ ಮೇಲೆ ನಿಮ್ಮ ಹೆಬ್ಬೆರಳು ಇರಲಿ. ಗಾಂಧಿಬಜಾರಿನಂಥ ಕಡೆ ಹಬ್ಬದ ಹಿಂದಿನ ದಿನ ಮಗುವನ್ನು ನಡೆಸಿಕೊಂಡು ಹೋಗುವ ಸಾಹಸ ಯಾಕೆ, ಮನೆಯಲ್ಲಿ ಬಿಟ್ಟು ಹೋಗಿ.

ಮೆಟ್ರೋ ವಿಷಯದಲ್ಲಿ ಗಾಡಿ ಬಿಟ್ಟದ್ದೇ ಲಾಭ. ಲಿಫ್ಟ್ ಹುಡುಕುವ ಕೆಲಸವಿಲ್ಲ. ಎಸ್ಕಲೇಟರಿನಲ್ಲಿ ಮಾತ್ರ ರಬ್ಬರಿನ ಮೆತ್ತನೆಯ ತೂತುಚಪ್ಪಲಿ ಬೇಡ, ಅಂಚಿಗೆ ತಾಗಿದರೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮೆಟ್ಟಿಲ ನಡುವೆ ನಿಲ್ಲಿಸಿ, ಕೊನೆಯಲ್ಲಿ ಎತ್ತಿ ದಾಟಿಸಿ.

ಕಾಲಿಗೆ ಹಾಕುವುದರಲ್ಲಿ ಕಂಜೂಸಿತನ ಮಾಡಬೇಡಿ. ಹಿಂದೆ ಪಟ್ಟಿ ಇರುವ, ಅಡಿ ಬಗ್ಗುವ ಸ್ಯಾಂಡಲ್, ಹೆಬ್ಬೆರಳ ಮುಂದೆ ಒಂದು ಸೆಂಟಿಮೀಟರ್ ಜಾಗ. ಹವಾಯಿ ಚಪ್ಪಲಿಯಲ್ಲಿ ಬೆರಳು ಮಡಚಿ ಹಿಡಿದುಕೊಂಡು ನಡೆಯುತ್ತಾರೆ, ಅರ್ಧ ಕಿಲೋಮೀಟರಿಗೆ ಸುಸ್ತು. "ಬೆಳೆಯುವ ಕಾಲು" ಅಂತ ಎರಡು ಸೈಜ್ ದೊಡ್ಡದು ತಂದರೆ ಎಡವಿ ಬೀಳುತ್ತಾರೆ. ಮೂರು ನಾಲ್ಕು ತಿಂಗಳಿಗೆ ಹೊಸ ಜೊತೆ, ಜೊತೆಯೊಂದಕ್ಕೆ ಏಳೆಂಟು ನೂರು ರೂಪಾಯಿ. ದುಬಾರಿ ಅನ್ನಿಸುತ್ತದೆ. ಆದರೆ ಈ ನಡುವೆ ಉಳಿದ ಪ್ರಯೋಗಗಳಿಗೆ ನಾನು ಸುರಿದದ್ದರ ಮುಂದೆ ಅದು ಏನೂ ಅಲ್ಲ.

ಆ ಪ್ರಯೋಗಗಳೂ ಕೇಳಿ. ಗಾಡಿಯ ಹಿಂದೆ ಸಿಕ್ಕಿಸಿ ಮಗುವನ್ನು ನಿಲ್ಲಿಸುವ ಚಕ್ರದ ಹಲಗೆ, ಮೂರೂವರೆ ಸಾವಿರದ ಹತ್ತಿರ. ಮಾಲ್ ನೆಲದ ಮೇಲೆ ಬೆಣ್ಣೆ ಹಾಗೆ ಹೋಗುತ್ತದೆ, ನಮ್ಮ ಚಪ್ಪಡಿ ಮೇಲೆ ಹತ್ತು ಹೆಜ್ಜೆ ದಾಟಲಿಲ್ಲ. ಮೇಲಾಗಿ ಅದು ಇರುವಾಗ ನಮ್ಮ ಕಾಲು ಹಲಗೆಗೆ ಬಡಿಯುತ್ತದೆ. ಹಿಂದೆ ಹಿಡಿಕೆ ಇರುವ ಮೂರು ಚಕ್ರದ ಸೈಕಲ್ಲು, ಮೂರು ಸಾವಿರ. ಪೆಡಲ್ ಇದ್ದರೂ ತುಳಿಯುವುದಿಲ್ಲ, ತಳ್ಳುವವರು ಇದ್ದಾರಲ್ಲ! ಅದು ಬೇರೆ ಬಣ್ಣದ ಸ್ಟ್ರೋಲರ್, ಅಷ್ಟೇ. ಪೆಡಲ್ಲಿಲ್ಲದ ಎರಡು ಚಕ್ರದ ಬ್ಯಾಲೆನ್ಸ್ ಸೈಕಲ್ಲು ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ವಾಹನ ಬಿಡುವುದಿಲ್ಲ, ಅಲ್ಲಿ ಚೆನ್ನಾಗಿ ಓಡುತ್ತದೆ, ಬೀದಿಗಲ್ಲ. ಸೊಂಟಕ್ಕೆ ಕಟ್ಟುವ ಸೀಟು ಕೊಂಡವರಿಗೆ ನಾನು ಹೇಳುವುದಿಷ್ಟೇ: ಮಗುವಿಗೆ ಅದು ಕಾಣದಂತೆ ಇಡಿ.

ಪೀಪೀ ಶೂ ಅಗ್ಗದ ಪ್ರಯೋಗ, ಇನ್ನೂರು ಮುನ್ನೂರು ರೂಪಾಯಿ. ಮೊದಲ ವಾರ ಮಗು ಸದ್ದು ಕೇಳಲೆಂದೇ ನಡೆಯುತ್ತದೆ. ಆದರೆ ಸದ್ದು ಬರಲಿ ಅಂತ ಹಿಮ್ಮಡಿ ಕುಟ್ಟಿ ಕುಟ್ಟಿ ನಡೆಯುವುದರಿಂದ ಬೇಗ ದಣಿಯುತ್ತದೆ, ಕೆಳಗಿನ ಮನೆಯವರೂ ದಣಿಯುತ್ತಾರೆ. ಹಿಮ್ಮಡಿಯ ಪೀಪಿಯನ್ನು ಚಿಮುಟದಿಂದ ಕಿತ್ತರೆ ಅಲ್ಲಿ ಗುಳಿ ಬಿದ್ದು ಶೂ ಕೆಡುತ್ತದೆ, ಹತ್ತಿಯನ್ನೂ ತುರುಕಿ ನೋಡಿದೆ, ಅದು ನೀರು ಕುಡಿದು ನಾರುತ್ತದೆ. ನಿಜವಾಗಿ ಕೆಲಸ ಮಾಡಿದ್ದು ಕಾಸಿಲ್ಲದ ಪ್ರಯೋಗ. ಗಾಡಿಯ ಸೀಟಿನಲ್ಲಿ ಗೊಂಬೆ, ಬುಟ್ಟಿಯಲ್ಲಿ ಎರಡು ಕೆಜಿ ಅಕ್ಕಿ, ತಳ್ಳುವುದು ಮಗು. ಮೇಲಿನ ಹಿಡಿಕೆ ಎಟುಕುವುದಿಲ್ಲ, ಹಿಂದಿನ ಅಡ್ಡಕೊಳವೆ ಹಿಡಿದು ತಳ್ಳುತ್ತಾರೆ. ಅಕ್ಕಿ ಇಲ್ಲದಿದ್ದರೆ ಹಗುರ ಗಾಡಿ ಮುಂದಕ್ಕೆ ಜಾರಿ ಮಗು ಮುಖ ಅಡಿಯಾಗಿ ಬೀಳುತ್ತದೆ. ಹಿಡಿಕೆಯ ಮೇಲೆ ನಿಮ್ಮದೊಂದು ಕೈ ಯಾವಾಗಲೂ ಇರಲಿ. ಗಾಡಿಯ ಯಜಮಾನಿಕೆ ಸಿಕ್ಕಿದ ಮೇಲೆ ಅದರಲ್ಲಿ ಕೂರುವ ಆಸೆ ಅರ್ಧ ಇಳಿಯುತ್ತದೆ.

ಜ್ವರ ಬಂದು ಎದ್ದ ವಾರ ಎಲ್ಲ ಹಿಂದಕ್ಕೆ ಹೋಗುತ್ತದೆ. ಆಗ ಎಷ್ಟು ಕಂಬಕ್ಕೆ ತಲುಪಿತ್ತೋ ಅದರ ಅರ್ಧದಿಂದ ಹಿಡಿಯಿರಿ, ಮೊದಲಿನಿಂದ ಬೇಡ. ಊರಿಗೆ ಹೋಗಿ ಅಜ್ಜ ಅಜ್ಜಿ ಎತ್ತಿಕೊಂಡೇ ಓಡಾಡಿಸಿದರೂ ಇದೇ ಮದ್ದು. ಆದರೆ ಕುಂಟುತ್ತಿದ್ದರೆ, ದಿನಾ ಒಂದೇ ಕಾಲು ನೋವು ಅಂದರೆ, ಮೂರು ದಾಟಿದರೂ ತುದಿಗಾಲಲ್ಲೇ ನಡೆಯುತ್ತಿದ್ದರೆ, ಓರಗೆಯ ಮಕ್ಕಳಿಗಿಂತ ತೀರಾ ಬೇಗ ದಣಿದರೆ ಕಂಬ ಎಣಿಸುವುದು ಬಿಟ್ಟು ಮಕ್ಕಳ ವೈದ್ಯರ ಹತ್ತಿರ ಹೋಗಿ.

ಗಾಡಿಯನ್ನು ತಕ್ಷಣ ಮಾರಬೇಡಿ. ಮೂರು ತಿಂಗಳು ಇಟ್ಟುಕೊಳ್ಳಿ. ವಿಮಾನ ನಿಲ್ದಾಣ, ಮೈಸೂರು ಮೃಗಾಲಯದಂಥ ದಿನಪೂರ್ತಿ ಸುತ್ತುವ ಜಾಗಕ್ಕೆ ತೂಕದ ಮಿತಿ ಇರುವ ತನಕ ಒಯ್ಯಬಹುದು, ಅದರಿಂದ ಅಭ್ಯಾಸ ಕೆಡುವುದಿಲ್ಲ. ನಮ್ಮ ಬೀದಿ ಬೇರೆ, ಅದು ಬೇರೆ ಅಂತ ಮಕ್ಕಳಿಗೆ ಗೊತ್ತಿರುತ್ತದೆ. ಮಾರುವಾಗ ಬಟ್ಟೆ ಒಗೆಯುವುದಕ್ಕಿಂತ ಚಕ್ರ ನೋಡಿ. ಅಚ್ಚಿಗೆ ಸುತ್ತಿಕೊಂಡ ಕೂದಲು, ದಾರವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆದು, ಹೊಲಿಗೆ ಮಿಷನ್ನಿನ ಎಣ್ಣೆ ಒಂದು ತೊಟ್ಟು ಬಿಡಿ. ಕೊಳ್ಳಲು ಬಂದವರು ಮೊದಲು ಮಾಡುವುದೇ ತಳ್ಳಿ ನೋಡುವುದು. ಹನ್ನೊಂದು ಸಾವಿರದ ನಮ್ಮ ಗಾಡಿಗೆ ಮೊದಲು ಬಂದವರು ಎರಡು ಸಾವಿರ ಅಂದರು. ಚಕ್ರ ತೊಳೆದು, ಹಗಲು ಬೆಳಕಿನಲ್ಲಿ ಫೋಟೋ ಹಾಕಿದ ಮೇಲೆ ನಾಲ್ಕೂವರೆ ಸಾವಿರಕ್ಕೆ ಹೋಯಿತು. ಬೆಲ್ಟಿನ ಮೇಲಿನ ಹಾಲಿನ ಕಲೆ ಹೇಗೆ ಹೋಗಿಸಿದೆ ಅನ್ನುವುದನ್ನು ಮಾತ್ರ ಕೇಳಬೇಡಿ, ತಂಗಿಯ ಗಾಡಿ ಇನ್ನೂ ಮಾರುವುದಿದೆ.