‘ತಕ್ಕದ್ದು’ ಹೋಗಿ ‘ಬಹುದು’ ಆದಾಗ: ಶಾಸನಸಭೆಯ ವಿಡಂಬನೆ ಗೇಮ್ ಕಟ್ಟಿದ ಅನುಭವ

ಭ್ರಷ್ಟ ರಾಜಕಾರಣಿ ಅಂದಕೂಡಲೇ ದೊಡ್ಡ ಹೊಟ್ಟೆ, ನೋಟು ತುಂಬಿದ ಸೂಟ್‌ಕೇಸ್ ಬರೆಯುವುದು ರೂಢಿ. ಹುಬ್ಬಳ್ಳಿಯಲ್ಲಿ ನಾವು ಕಟ್ಟಿದ ಗೇಮ್‌ನಲ್ಲಿ ಎರಡೂ ಇಲ್ಲ. ಆಟಗಾರರ ಕೈಗೆ ಸಿಗುವುದು ಮಸೂದೆಯ ಹಾಳೆ, ಒಂದು ಕೆಂಪು ಪೆನ್ನು.

ಮಸೂದೆಯ ಒಂದು ಖಂಡ (ಕಲಮು) ನೋಡಿ: ‘ಕೆರೆಯ ಅಂಚಿನಿಂದ 30 ಮೀಟರಿನೊಳಗೆ ಕಟ್ಟಡ ಕಟ್ಟತಕ್ಕದ್ದಲ್ಲ, ಒತ್ತುವರಿಯನ್ನು ಅಧಿಕಾರಿಯು ತೆರವುಗೊಳಿಸತಕ್ಕದ್ದು.’ ಇದನ್ನು ಕೆಡಿಸಲು ಮೂರು ತಿದ್ದುಪಡಿ ಸಾಕು. ‘ತೆರವುಗೊಳಿಸತಕ್ಕದ್ದು’ ಎಂಬುದನ್ನು ‘ತೆರವುಗೊಳಿಸಬಹುದು’ ಮಾಡಿದರೆ ಕರ್ತವ್ಯ ಹೋಗಿ ಇಷ್ಟ ಉಳಿಯುತ್ತದೆ. ಕೊನೆಗೆ ಒಂದು ‘ಪರಂತು’ (‘ಆದರೆ’ ಎಂದು ಶುರುವಾಗುವ ಷರತ್ತು) ಸೇರಿಸಿದರೆ ಬೇಕಾದವರಿಗೆ ವಿನಾಯಿತಿ. 30 ಮೀಟರ್ ತೆಗೆದು ‘ನಿಯಮಿಸಬಹುದಾದಷ್ಟು ದೂರ’ ಎಂದರೆ ತೀರ್ಮಾನ ಸದನದಿಂದ ಇಲಾಖೆಯ ಕಡತಕ್ಕೆ ಹೋಗುತ್ತದೆ. ವಿಡಂಬನೆ ಇರಬೇಕಾದದ್ದು ಇಲ್ಲೇ ಎಂಬುದು ನಮ್ಮ ಗಟ್ಟಿ ನಂಬಿಕೆ.

ತಿದ್ದಿದ ಕೂಡಲೇ ಆಟದ ನಕಾಶೆಯ ಕೆರೆ ಬತ್ತಿಸಬೇಡಿ. ಹಾಗೆ ಮಾಡಿದರೆ ಆಟಗಾರರಿಗೆ ಅದು ಬರೀ ಶಿಕ್ಷೆ ಅನ್ನಿಸುತ್ತದೆ, ಮುಂದಿನ ಸಲ ಜಾಣತನದಿಂದ ತಪ್ಪಿಸಿಕೊಳ್ಳುತ್ತಾರೆ. ತೀರಾ ತಡವಾದರೆ ತಿದ್ದಿದ್ದೇ ಮರೆತುಹೋಗುತ್ತದೆ. ಎರಡು ಅಧಿವೇಶನಗಳ ಅಂತರ ಸರಿಹೋಯಿತು. ಕುಗ್ಗಿದ ಕೆರೆಯನ್ನು ಒತ್ತಿದರೆ ಅವರದೇ ಕೆಂಪು ಶಾಯಿಯ ಖಂಡ ತೆರೆದುಕೊಳ್ಳುತ್ತದೆ.

ಬಹುಮತವನ್ನು ಕೋಡ್‌ನಲ್ಲಿ 113 ಎಂದು ಸ್ಥಿರವಾಗಿ ಬರೆದಿಟ್ಟರೆ ತಪ್ಪು. ಕರ್ನಾಟಕ ವಿಧಾನಸಭೆಯ 224 ಸದಸ್ಯರೂ ಮತ ಹಾಕಿದಾಗ ಮಾತ್ರ ಆ ಸಂಖ್ಯೆ ಬೇಕು. ಲೆಕ್ಕ ಹಾಜರಿದ್ದು ಮತ ಹಾಕಿದವರದು. 2019ರ ಜುಲೈ 23ರ ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ 99–105ರಲ್ಲಿ ಮುಗಿಯಿತು, ಅಂದರೆ 103 ಸಾಕಿತ್ತು. ಹಾಗಾಗಿ ಗೈರುಹಾಜರಿ, ರಾಜೀನಾಮೆಗಳೂ ಆಟದ ದಾಳಗಳೇ. ಸಮಬಲವಾದರೆ ಮಾತ್ರ ಸಭಾಧ್ಯಕ್ಷರ ಮತ.

ಸಚಿವ ಸ್ಥಾನಕ್ಕೂ ಮಿತಿ ಇಡಿ. ಸಂವಿಧಾನದ 2003ರ 91ನೇ ತಿದ್ದುಪಡಿಯಂತೆ ಸದನದ ಒಟ್ಟು ಬಲದ ಶೇ 15ರ ಲೆಕ್ಕದಲ್ಲಿ ನಮ್ಮಲ್ಲಿ ಮುಖ್ಯಮಂತ್ರಿ ಸೇರಿ 34. ಉಳಿದವರನ್ನು ನಿಗಮ-ಮಂಡಳಿಗಳಿಂದಲೇ ಸಮಾಧಾನ ಮಾಡಬೇಕು. ಈ ಇಕ್ಕಟ್ಟು ಆಟಕ್ಕೆ ಬಿಗಿ ತರುತ್ತದೆ.

ಮೊದಲ ಆವೃತ್ತಿಯಲ್ಲಿ ಲಂಚಕ್ಕೆ ಬೆಲೆ ಇದ್ದದ್ದು ಹಣದಲ್ಲಿ ಮಾತ್ರ. ಬರೀ ಲಂಚ ಕೊಡುವ ಬಾಟ್ (ತಾನಾಗಿ ಆಡುವ ಪ್ರೋಗ್ರಾಂ) ಬಿಟ್ಟು ನೋಡಿದರೆ ಅದೇ ಸದಾ ಗೆಲ್ಲುತ್ತಿತ್ತು. ಹಣ ತೆಗೆದು ‘ಋಣ’ ಎಂಬ ಅಂಕ ತಂದೆವು. ಋಣ ಕೊಟ್ಟವನು ಮೂರನೇ ಅಧಿವೇಶನದಲ್ಲಿ ಬಾಗಿಲಿಗೆ ಬಂದು ಒಂದು ಖಂಡ ಕೇಳುತ್ತಾನೆ. ಕೊಡದಿದ್ದರೆ ಐದು ಮತ ಜಾರುತ್ತವೆ. ಅವನ ಬಾಯಲ್ಲಿ ಲಂಚ ಎಂಬ ಮಾತೇ ಬರಬಾರದು: “ಅವಸರ ಏನಿಲ್ರಿ ಸಾಹೇಬ್ರ, ನಮ್ಮದೂ ಒಂದು ಮನಸಿನ್ಯಾಗ ಇರ್ಲಿ.” ಮಸೂದೆ ಕಟ್ಟುನಿಟ್ಟು ಸರ್ಕಾರಿ ಕನ್ನಡದಲ್ಲಿ, ಮಾತು ಧಾರವಾಡದ ಕನ್ನಡದಲ್ಲಿ, ಎರಡನ್ನೂ ಬೆರೆಸಬೇಡಿ.

ಪಕ್ಷಗಳಿಗೆ ಕಂದು, ನೇರಳೆ, ಬೂದು ಬಣ್ಣ ಕೊಡಿ. ನಿಜವಾದ ಪಕ್ಷದ ಬಣ್ಣ ಕಂಡರೆ ಆಡುವವರು ಖಂಡ ಓದುವುದೇ ಇಲ್ಲ.

ಗೇಮ್ ಕಟ್ಟಲು ಬಳಸಿದ ತಂತ್ರಾಂಶ, ಅಂದರೆ ಎಂಜಿನ್, ಗೊಡೋ 4. ಹಿಂದಿನ ಗೊಡೋ 3ರಲ್ಲಿ ಒತ್ತಕ್ಷರ ಒಡೆಯುತ್ತವೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಮೊದಲು ಯೂನಿಕೋಡ್‌ಗೆ ತನ್ನಿ. ಫಾಂಟ್ ನೋಟೊ ಸಾನ್ಸ್ ಕನ್ನಡ. ಅಕ್ಷರಗಳು ಒಂದೊಂದಾಗಿ ಮೂಡುವಂತೆ ಮಾಡಿದರೆ 4ರಲ್ಲೂ ಒತ್ತು ಕುಣಿಯುತ್ತದೆ. ಪಠ್ಯ ತೋರಿಸುವ ಲೇಬಲ್‌ನ ‘ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್’ ಅನ್ನು ‘ಕ್ಯಾರೆಕ್ಟರ್ಸ್ ಆಫ್ಟರ್ ಶೇಪಿಂಗ್’ಗೆ ಬದಲಿಸಿದ ಮೇಲೆ ‘ಕಟ್ಟತಕ್ಕದ್ದಲ್ಲ’ ಒಡೆಯದೆ ಮೂಡಿತು.