ಸುರುಳಿ ಆಲೂಗಡ್ಡೆ ಮೆತ್ತಗಾಗೋದ್ಯಾಕೆ

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಉರ್ಲಗಡ್ಡೆಗೇನೂ ಬರ ಇಲ್ಲ, ಈಗ ಮನೆಮನೆಗೂ ಆ ಹಿಡಿ ತಿರುಗ್ಸೋ ಸ್ಪೈರಲ್ ಕಟರ್ರು, ಕರೆಂಟ್ ಅವನ್ (ಓವನ್) ಎಲ್ಲಾ ಬಂದಿದೆ, ಆದ್ರೂ ಹೆಣ್ಮಕ್ಳು ಕೇಳೋದು ಒಂದೇ, ಸುರುಳಿ ಮಾಡಿ ಅವನ್ನಲ್ಲಿಟ್ಟ ಗಡ್ಡೆ ಗರಿಗರಿ ಯಾಕಾಗಲ್ಲ ಅಂತ. ಬಿಸಿ ಸಾಲ್ದು ಅಂತ ಇನ್ನೂ ಜಾಸ್ತಿ ಮಾಡ್ತೀರ, ಅಂಚು ಸೀದೋಗುತ್ತೆ, ಮಧ್ಯ ಹಂಗೇ ಮೆತ್ತಗೆ. ಅವನ್ ಏನ್ ಮಾಡುತ್ತಮ್ಮ, ಗಡ್ಡೇಲಿ ನೀರಿದ್ರೆ?

ಉಗುರಲ್ಲಿ ಕೆರೆದ್ರೆ ಸಿಪ್ಪೆ ಎದ್ದು ಬರೋ ಎಳೇ ಗಡ್ಡೆ ಪಲ್ಯಕ್ಕಿರ್ಲಿ, ಇದಕ್ಕೆ ಬಲಿತಿದ್ದೇ ಬೇಕು, ಅದೂ ಸೊಟ್ಟ ಇಲ್ದೆ ಸ್ವಲ್ಪ ಉದ್ದಕ್ಕಿರೋದು, ಆಗ ಸುರುಳಿ ತುಂಡಾಗಲ್ಲ. ತಂದು ಫ್ರಿಡ್ಜಲ್ಲಿ ಮಾತ್ರ ಇಡ್ಬೇಡಿ, ಆ ಥಂಡಿಗೆ ಗಡ್ಡೇಲಿರೋ ಪಿಷ್ಟ ಸಕ್ಕರೆ ಆಗುತ್ತೆ, ಆಮೇಲೆ ಅವನ್ನಲ್ಲಿ ಗರಿ ಆಗೋಕ್ಮುಂಚೆನೇ ಕಪ್ಪಾಗಿ ಕಹಿ ಬರುತ್ತೆ. ಹಸಿರು ಬಿದ್ದಿದ್ರೆ ಆ ಭಾಗ ದಪ್ಪಕ್ಕೆ ಕೊಯ್ದು ಬಿಸಾಕಿ.

ಎರಡೂ ತುದಿ ಸಮ ಕತ್ತರಿಸಿ ಕಟರ್‌ಗೆ ಸಿಗಿಸಿ, ಅದುಮದೆ ತಿರುಗಿಸಿ ಸಾಕು. ತೀರಾ ಸಣ್ಣ ಬ್ಲೇಡ್ ಹಾಕಿದ್ರೆ ನೋಡೋಕೆ ಚೆಂದ, ಸೀಯೋದು ಬೇಗ. ಬ್ಲೇಡು ತೊಳೆಯೋಕೆ ಹಳೇ ಬ್ರಷ್ ಇಟ್ಕೊಳ್ಳಿ, ಬೆರಳು ಹಾಕ್ಬೇಡಿ.

ಈಗ ಅಸಲಿ ಕೆಲ್ಸ. ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಎರಡು ಸಲ ನೀರು ಬದಲಾಯ್ಸಿ, ಬೆಳ್ಳಗೆ ಬರೋ ಪಿಷ್ಟ ಹೋಗ್ಲಿ, ಆಮೇಲೆ ಹಳೇ ಪಂಚೆ ಮೇಲೆ ಹರಡಿ ಫ್ಯಾನ್ ಹಾಕಿ, ಮುಟ್ಟಿದ್ರೆ ಕೈಗೆ ತೇವ ಹತ್ತಬಾರ್ದು, ಅಲ್ಲೀತನಕ ಅವನ್ ಹತ್ರ ಹೋಗ್ಲೇಬೇಡಿ. ಟಿಶ್ಯೂ ಪೇಪರ್ ಅಂಟ್ಕೊಂಡು ಪ್ರಾಣ ತಿನ್ನುತ್ತೆ. ಎರಡು ಗಡ್ಡೆಗೆ ಎರಡು ಟೀ ಚಮಚ ಕಡ್ಲೇಕಾಯಿ ಎಣ್ಣೆ, ಒಂದು ಚಮಚ ಅಕ್ಕಿಹಿಟ್ಟು, ಬ್ಯಾಡಗಿ ಖಾರದಪುಡಿ, ಜೀರಿಗೆಪುಡಿ, ಚಿಟಿಕೆ ಇಂಗು. ಉಪ್ಪು ಈಗ್ಲೇ ಹಾಕಿದ್ರೆ ಒಣಗ್ಸಿದ್ದೆಲ್ಲಾ ದಂಡ, ಮತ್ತೆ ನೀರು ಬಿಟ್ಕೊಳ್ಳುತ್ತೆ, ಅದು ಹೊರಗೆ ತೆಗೆದ್ಮೇಲೆ ಬಿಸಿಬಿಸಿ ಇರೋವಾಗ್ಲೇ ಉದುರ್ಸಿ.

ಅವನ್ 200 ಡಿಗ್ರಿಗೆ ಮೊದ್ಲೇ ಕಾದಿರ್ಲಿ. ಸುರುಳಿನ ಗೇಣುದ್ದ ಕತ್ತರಿಸಿ ಒಂದೇ ಪದರ ಹರಡಿ, ಒಂದರ ಮೇಲೊಂದು ಬಿದ್ರೆ ಹಬೇಲಿ ಬೇಯುತ್ತೆ ಅಷ್ಟೆ. ಹತ್ತು ಹನ್ನೆರಡು ನಿಮಿಷಕ್ಕೆ ಬಾಗಿಲು ತೆಗೆದು ತಿರುವಿ, ಒಳಗಿನ ಹಬೆನೂ ಹೋಗುತ್ತೆ, ಆಮೇಲೆ ಇನ್ನೊಂದು ಹತ್ತು ನಿಮಿಷ, ಕೊನೇಲಿ ಸೀರಿಯಲ್ ನೋಡೋಕೆ ಹೋಗ್ದೆ ಅಲ್ಲೇ ನಿಂತಿರಿ. ಅಂದಹಾಗೆ 1500 ವ್ಯಾಟ್ ಅವನ್ನಿಗೆ ದೊಡ್ಡ 16 ಆಂಪ್ಸ್ ಸಾಕೆಟ್ಟೇ ಬೇಕು, ಮಿಕ್ಸಿ ಹಾಕಿರೋ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇದನ್ನೂ ಸಿಗಿಸ್ಬೇಡಿ.

ಆರೋತನಕ ಜಾಲರಿ ಮೇಲಿರ್ಲಿ, ಬಿಸಿ ಇರೋವಾಗ ಡಬ್ಬಿಗೆ ತುಂಬಿದ್ರೆ ಮುಚ್ಚಳ ಬೆವತು ಕೆಡುತ್ತೆ. ಕಟರಲ್ಲಿ ಉಳಿಯೋ ನಡುವಿನ ಕಡ್ಡಿ, ತುದಿ ಎಲ್ಲಾ ಹುಳಿಗೆ ಹಾಕಿ. ಸಾಯಂಕಾಲಕ್ಕೆ ಮೆತ್ತಗಾದ್ರೆ ಮತ್ತೆ ಐದು ನಿಮಿಷ ಬಿಸಿ ಮಾಡಿ, ಅಷ್ಟಕ್ಕೂ ಬಗ್ಗದಿದ್ರೆ ಪುರಿ, ಈರುಳ್ಳಿ, ನಿಂಬೆರಸ ಹಾಕಿ ಕಲಸ್ಕೊಡಿ, ಮಕ್ಕಳು ತಿನ್ಕೊಂಡು ಆಟಕ್ಕೆ ಓಡ್ತವೆ.