ಮೊದ್ಲು ವರ್ಷನ್ ಫೈನಲ್ ಮಾಡಿ, ಆಮೇಲೆ ಜಗಳ ಆಡಿ: ಇಟಾಲಿಯನ್ ವೆಸ್ಟರ್ನ್ ಪಟ್ಟಿ ಮಾಡಿದ ನನ್ನ ಅನುಭವ

ಡೈರೆಕ್ಟರ್ ಸೆರ್ಜಿಯೋ ಲಿಯೋನೆದು ಬಿಟ್ಟು ಇಟಾಲಿಯನ್ ವೆಸ್ಟರ್ನ್‌ಗಳಲ್ಲಿ (ಇಟಲಿಯೋರು ಮಾಡಿದ ಕೌಬಾಯ್ ಸಿನಿಮಾಗಳಲ್ಲಿ) ಬೆಸ್ಟ್ ಇಪ್ಪತ್ತು ಯಾವ್ದು ಅಂತ ಐದು ಜನ ಕೂತು ಒಪ್ಪೋದು ಈ ಜನ್ಮದಲ್ಲಿ ಆಗಲ್ಲ ಅಂದೋರೇ ಜಾಸ್ತಿ. ಆಯ್ತು ನೋಡಿ. ಇಟಲಿಯ ಟೊರಿನೊದಲ್ಲಿ ನಮ್ಮನೆ ಹಾಲ್‌ನಲ್ಲೇ ಆಯ್ತು, ಒಂದೂವರೆ ವರ್ಷದ ಹತ್ರ ಹಿಡೀತು, ಜೇಬಿಂದ ಸಾವಿರದ ಇನ್ನೂರು ಯೂರೋ ಆಜುಬಾಜು ಹೋಗಿರ್ಬೇಕು (ಹೆಂಡ್ತಿಗೆ ಹೇಳಿರೋ ಲೆಕ್ಕ ಬೇರೆ), ಹೋದ ತಿಂಗಳು ಇಪ್ಪತ್ತನೇ ಸ್ಥಾನಕ್ಕೂ ಕೈ ಎತ್ತಿ ಮುಗಿಸಿದ್ವಿ. ಹೇಗ್ ಮಾಡಿದ್ರಿ ಅಂತ ಒಬ್ಬೊಬ್ರೂ ಕೇಳ್ತಾ ಇರೋದ್ರಿಂದ ಒಂದೇ ಸಲ ಬರೆದು ಹಾಕ್ತಿದ್ದೀನಿ.

ಗುಂಪಲ್ಲಿ ನಾನು, ಇಲ್ಲಿ ಪೊಲಿಟೆಕ್ನಿಕೋ ಇಂಜಿನಿಯರಿಂಗ್ ಯೂನಿವರ್ಸಿಟೀಲಿ ಓದ್ತಿರೋ ದಾವಣಗೆರೆ ಹುಡುಗ, ನನ್ನ ಆಫೀಸಿನ ಇಟಾಲಿಯನ್ ಒಬ್ಬ, ಅವನ ದೊಡ್ಡಪ್ಪ, ಮೇಲಿನ ಮನೆ ಜರ್ಮನ್ ಹೆಂಗಸು. ದೊಡ್ಡಪ್ಪನಿಗೆ ಎಪ್ಪತ್ತೈದು ದಾಟಿದೆ, ಈ ಸಿನಿಮಾಗಳನ್ನೆಲ್ಲ ಬಂದಾಗಲೇ ಟಾಕೀಸಲ್ಲಿ ನೋಡಿದೋರು, ದಾವಣಗೆರೆಯವನು ಅವರನ್ನ ಅಜ್ಜಾರೇ ಅಂತ ಕರೆದೂ ಕರೆದೂ ಈಗ ಅವರು ಆ ಹೆಸರಿಗೇ ತಿರುಗಿ ನೋಡ್ತಾರೆ.

ಮೊದಲ ಆರು ತಿಂಗಳು ಬರೀ ಕೂಗಾಟ. ಉದಾಹರಣೆಗೆ ಡೈರೆಕ್ಟರ್ ಸೊಲ್ಲಿಮಾನ 'ದ ಬಿಗ್ ಗನ್‌ಡೌನ್' ತಗೊಳ್ಳಿ, 1966ರದ್ದು, ನಟರು ಲೀ ವ್ಯಾನ್ ಕ್ಲೀಫು ತೊಮಾಸ್ ಮಿಲಿಯಾನು. ಅಜ್ಜಾರು ಅದಕ್ಕಿಂತ ದೊಡ್ಡದಿಲ್ಲ ಅಂತಾರೆ, ಹುಡುಗ "ಏನೈತಣ್ಣ ಅದ್ರಾಗೆ, ಬರೇ ಓಡಾದು" ಅಂತಾನೆ. ಎರಡು ವಾರ ಮಾತು ಬಿಟ್ಟಿದ್ರು. ಕೊನೆಗೆ ನೋಡಿದ್ರೆ ಹುಡುಗ ನೋಡಿದ್ದು ಅಮೆರಿಕಾಕ್ಕೆ ಅಂತ ಕತ್ತರಿಸಿದ ಪ್ರಿಂಟು, ಇಟಾಲಿಯನ್ ಪ್ರಿಂಟು ನೂರಾಹತ್ತು ನಿಮಿಷದ ಹತ್ರ ಇದ್ರೆ ಅದರಲ್ಲಿ ಕಾಲು ಗಂಟೆಯಷ್ಟು ಇಲ್ಲವೇ ಇಲ್ಲ. ಜರ್ಮನ್ ಹೆಂಗಸಿನ ಕಥೆ ಇನ್ನೂ ಚೆಂದ. 1966ರಲ್ಲಿ ಡೈರೆಕ್ಟರ್ ಕೊರ್ಬೂಚಿಯ 'ಜಾಂಗೋ' ಹಿಟ್ ಆದ್ಮೇಲೆ ಅವರ ಕಡೆ ವಿತರಕರು ಸಿಕ್ಕ ಸಿಕ್ಕ ಸಿನಿಮಾಕ್ಕೆಲ್ಲ ಜಾಂಗೋ ಅಂತ ಹೆಸರಿಟ್ಟು ಡಬ್ಬಿಂಗಲ್ಲಿ ಹೀರೋನ ಹೆಸರನ್ನೂ ಬದಲಾಯಿಸಿ ಬಿಟ್ಟಿದ್ದಾರೆ, ಹಾಗಾಗಿ ಅವಳು ಜಾಂಗೋ ಅಂದಾಗ ಯಾವ ಜಾಂಗೋ ಅಂತ ಅರ್ಧ ಗಂಟೆ ವಿಚಾರಣೆ.

ಆವಾಗ್ಲೇ ನಾನಂದೆ, ಒಂದೇ ಹೆಸರಿಟ್ಕೊಂಡು ಬೇರೆ ಬೇರೆ ಸಿನಿಮಾ ನೋಡಿ ಬಂದು ಜಗಳ ಆಡ್ತಿದ್ದೀವಿ, ಇನ್ಮೇಲೆ ಒಂದು ಸಿನಿಮಾಕ್ಕೆ ಒಂದೇ ಫೈಲು, ಅದು ನನ್ನ ಹತ್ರ ಇರುತ್ತೆ, ಅದನ್ನ ಈ ಹಾಲಲ್ಲಿ ಕೂತು ನೋಡದೇ ಇದ್ದೋರಿಗೆ ಮಾತಾಡೋ ಹಕ್ಕಿಲ್ಲ. ಎಲ್ಲರೂ ನಕ್ಕರು. ಆಫೀಸಿನವನು ಅಂತೂ ನಲವತ್ತು ಸಿನಿಮಾಕ್ಕೆ ನೀನು ಹಂಗೆ ಫೈಲ್ ಮಾಡೋ ಹೊತ್ತಿಗೆ ನಮ್ಮ ದೊಡ್ಡಪ್ಪ ಇರ್ತಾರೋ ಇಲ್ವೋ ಅಂತ ಅವರೆದುರೇ ಹೇಳಿದ. (ಇದ್ದಾರೆ, ಗಟ್ಟಿಯಾಗಿದ್ದಾರೆ, ನಿನ್ನೆ ಫೋನ್ ಮಾಡಿ 'ಸಬಾತಾ' ಯಾಕೆ ಹನ್ನೆರಡನೇದು ಅಂತ ಬೈದ್ರು.)

ಈಗ ದುಡ್ಡಿನ ವಿಷಯ. ಚಿತ್ರ ಚೆನ್ನಾಗಿರೋದು ಜರ್ಮನ್ ಬ್ಲೂರೇಲಿ, ಇಂಗ್ಲಿಷ್ ಸಬ್‌ಟೈಟಲ್ ಚೆನ್ನಾಗಿರೋದು ಇಂಗ್ಲೆಂಡಿನ ಡಿಸ್ಕಲ್ಲಿ, ಇಟಾಲಿಯನ್ ಆಡಿಯೋ ಇರೋದು ಇಲ್ಲಿ ಪೇಪರ್ ಅಂಗಡಿಗಳಲ್ಲಿ ಪತ್ರಿಕೆ ಜೊತೆ ಮಾರ್ತಿದ್ದ ಹಳೇ ಡಿವಿಡೀಲಿ. ಮೂರೂ ಒಂದೇ ಡಿಸ್ಕಲ್ಲಿ ಸಿಗೋದು ಅಪರೂಪ. ಜರ್ಮನ್ದು ಹದಿನೈದರಿಂದ ಇಪ್ಪತ್ತೈದು ಯೂರೋ, ಅದು ತಡ್ಕೋಬಹುದು. ಇಂಗ್ಲೆಂಡಿಂದು ಬ್ರೆಕ್ಸಿಟ್ ಆದ್ಮೇಲೆ ಕಷ್ಟ, 22 ಪರ್ಸೆಂಟ್ ಐವಿಎ ತೆರಿಗೆ, ಮೇಲೆ ಪಾರ್ಸೆಲ್ ಬಿಡಿಸ್ಕೊಳ್ಳೋ ಚಾರ್ಜು, ಹದಿನೆಂಟು ಪೌಂಡಿನ ಡಿಸ್ಕು ಮನೆಗೆ ಬರೋವಾಗ ಮೂವತ್ತೈದು ಯೂರೋ ಆಗಿರುತ್ತೆ. ಹಾಗಾಗಿ ಒಂದೊಂದೇ ತರಿಸೋದು ಬಿಟ್ಟೆ, ಆ ಕಡೆಯಿಂದ ಬರೋರ ಸೂಟ್‌ಕೇಸಲ್ಲಿ ತರಿಸೋದು ಶುರು ಮಾಡಿದೆ. ಪೇಪರ್ ಡಿವಿಡಿ ಮಾತ್ರ ಇಲ್ಲಿನ ಹಳೇ ಸಾಮಾನಿನ ಬಾಲೊನ್ ಸಂತೇಲಿ, ಶನಿವಾರ ಬೆಳಿಗ್ಗೆ, ಒಂದು ಯೂರೋ ಎರಡು ಯೂರೋ. ತಿಂಗಳಿನ ಎರಡನೇ ಭಾನುವಾರದ ದೊಡ್ಡ ಸಂತೆಗೆ ಹೋಗ್ಬೇಡಿ, ಆವತ್ತು ಟೂರಿಸ್ಟ್ ಜಾಸ್ತಿ, ಅದೇ ಡಿವಿಡಿಗೆ ಐದು ಹೇಳ್ತಾರೆ. ಅಲ್ಲಿ ಯಾವ ಗಲ್ಲೀಲಿ ಯಾರ ಹತ್ರ ತಗೋತೀನಿ ಅಂತ ಮಾತ್ರ ಕೇಳ್ಬೇಡಿ.

ಆನ್‌ಲೈನಲ್ಲಿ ಒಬ್ಬ 'ಲಿಮಿಟೆಡ್ ಎಡಿಷನ್' ಅಂತ ಮೂವತ್ತೆಂಟು ಯೂರೋಗೆ ಕಳಿಸಿದ್ದು ಕವರ್ ತೆಗೆದು ತಿರುಗಿಸಿ ನೋಡಿದ್ರೆ ಹಿಂದುಗಡೆ ನೇರಳೆ ಬಣ್ಣ, ಮನೇಲಿ ಬರ್ನ್ ಮಾಡಿದ ಡಿವಿಡಿ. ದುಡ್ಡು ವಾಪಸ್ ಬರಲಿಲ್ಲ. ಅದಾದ್ಮೇಲೆ ಡಿಸ್ಕಿನ ಹಿಂಬದಿ ಫೋಟೋ ಕಳಿಸದೇ ಇದ್ರೆ ಯಾರಿಗೂ ಹತ್ತು ಪೈಸೆ ಕಳಿಸಲ್ಲ. ಇನ್ನೊಂದು ಖರ್ಚು ಲೊಕಾಂದೀನಾ ಪೋಸ್ಟರು, ಉದ್ದಕ್ಕೆ ಸಪೂರಕ್ಕೆ 33 ಇಂಟು 70 ಸೆಂಟಿಮೀಟರ್ ಇರುತ್ತಲ್ಲ ಅದು. ಲಿಯೋನೆದು ಮುಟ್ಟೋ ಹಾಗಿಲ್ಲ, ಆದ್ರೆ ಹೆಸರಿಲ್ಲದ ಸಿನಿಮಾಗಳದ್ದು ಹದಿನೈದು ಇಪ್ಪತ್ತಕ್ಕೆ ಸಿಗುತ್ತೆ, ಸಿನಿಮಾಕ್ಕಿಂತ ಪೋಸ್ಟರೇ ವಾಸಿ ಅನ್ನೋ ಸಿನಿಮಾಗಳು ನೂರಾರಿವೆ.

ಈಗ ನಿಜವಾದ ತಲೆನೋವು, ಸಿಂಕು, ಅಂದ್ರೆ ಡಿವಿಡಿಯ ಆಡಿಯೋನ ಬ್ಲೂರೇ ಚಿತ್ರಕ್ಕೆ ಸರಿಯಾಗಿ ಕೂರಿಸೋದು. ಡಿವಿಡಿ ಸೆಕೆಂಡಿಗೆ 25 ಫ್ರೇಮು, ಬ್ಲೂರೇ 23.976, ಎರಡು ಗಂಟೆ ಸಿನಿಮಾಕ್ಕೆ ಐದು ನಿಮಿಷದ ಹತ್ರ ವ್ಯತ್ಯಾಸ. ಆಡಿಯೋ ನಾಲ್ಕು ಪರ್ಸೆಂಟ್ ಚಿಲ್ಲರೆ ನಿಧಾನ ಮಾಡ್ಬೇಕು ಅಂತ ಎಲ್ಲರಿಗೂ ಗೊತ್ತು. ಆದ್ರೆ ಸ್ಪೀಡ್ (ಶ್ರುತಿನೂ ಇಳಿಯುತ್ತೆ) ಇಳಿಸ್ಬೇಕೋ ಟೆಂಪೋ (ಶ್ರುತಿ ಹಾಗೇ ಇರುತ್ತೆ) ಮಾತ್ರ ಇಳಿಸ್ಬೇಕೋ ಅನ್ನೋದೇ ಕೈಕೊಡೋ ಜಾಗ. ಕೆಲವು ಡಿವಿಡಿ ಮಾಡಿದೋರು ಶ್ರುತಿ ಮೊದಲೇ ಸರಿ ಮಾಡಿಟ್ಟಿರ್ತಾರೆ, ಅದಕ್ಕೆ ಹೋಗಿ ಸ್ಪೀಡ್ ಇಳಿಸಿದ್ರೆ 'ಜಾಂಗೋ' ಹೀರೋ ಫ್ರಾಂಕೋ ನೀರೋ ಧ್ವನಿ ಗುಹೆಯೊಳಗಿಂದ ಬಂದಂಗೆ ಬರುತ್ತೆ. ನಾನು ಮಾಡೋದು ಹೀಗೆ: ಸಿನಿಮಾದ ಹಾಡಿನ ಸಿಡಿ ಇದ್ರೆ ಟೈಟಲ್ ಮ್ಯೂಸಿಕ್‌ನಲ್ಲಿ ಟ್ರಂಪೆಟ್ ಒಂದು ಸ್ವರ ಎಳೆಯೋ ಜಾಗ ಹಿಡಿದು ಮೊಬೈಲ್ ಟ್ಯೂನರ್ ಹಚ್ಚಿ ನೋಡೋದು. ಸಿಡೀಗಿಂತ ಅರ್ಧ ಸ್ವರಕ್ಕೆ ಒಂಚೂರು ಕಮ್ಮಿಯಷ್ಟು ಮೇಲಿದ್ರೆ ಸ್ಪೀಡ್, ಸಿಡಿ ಜೊತೆ ಕೂಡಿಕೊಂಡ್ರೆ ಟೆಂಪೋ. ಎರಡು ನಿಮಿಷದ ಕೆಲಸ, ಇದು ಹೊಳೆಯೋಕೆ ಮುಂಚೆ ನಾಲ್ಕೈದು ಸಿನಿಮಾ ಪೂರ್ತಿ ಎಕ್ಸ್‌ಪೋರ್ಟ್ ಆಗಿ ಡಿಲೀಟ್ ಆಗಿದ್ವು.

ಅಷ್ಟಕ್ಕೇ ಮುಗಿಯಲ್ಲ. ಹಳೇ ಪ್ರಿಂಟಲ್ಲಿ ರೀಲ್ ಬದಲಾಗೋ ಕಡೆ ನಾಲ್ಕಾರು ಫ್ರೇಮ್ ಹಾರಿರುತ್ತೆ, ಅಲ್ಲಿಂದ ಆಡಿಯೋ ಮತ್ತೆ ಜಾರುತ್ತೆ. ಬೇರೆ ಸಿನಿಮಾ ಆಗಿದ್ರೆ ತುಟಿ ನೋಡಿ ಕೂರಿಸಬಹುದಿತ್ತು. ಇವುಗಳಲ್ಲಿ ತುಟಿ ನಂಬೋ ಹಾಗೇ ಇಲ್ಲ, ಶೂಟಿಂಗಲ್ಲಿ ಒಬ್ಬ ಇಂಗ್ಲಿಷು, ಒಬ್ಬ ಸ್ಪ್ಯಾನಿಷು, ಒಬ್ಬ ಇಟಾಲಿಯನ್ ಮಾತಾಡಿರ್ತಾನೆ, ಆಮೇಲೆ ಎಲ್ಲಕ್ಕೂ ಡಬ್ಬಿಂಗು, ಸರಿಯಾಗಿ ಕೂತಿದ್ರೂ ತುಟಿ ಕೂಡಲ್ಲ. ಅದಕ್ಕೆ ಬಾಗಿಲು ಬಡಿಯೋದು, ಲೋಟ ಮೇಜಿಗೆ ಇಡೋದು, ಗುಂಡು, ಇವನ್ನ ಹಿಡಿದು ಹೋಗ್ಬೇಕು. ಗುಂಡಲ್ಲೂ ಮೋಸ ಇದೆ, 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ'ಗೆ 2003ರ ರಿಸ್ಟೋರೇಷನ್ ಹೊತ್ತಲ್ಲಿ ಹೊಸ ಸರೌಂಡ್ ಮಿಕ್ಸ್ ಮಾಡ್ತಾ ಎಷ್ಟೋ ಗುಂಡಿನ ಸದ್ದೇ ಬದಲಾಯಿಸಿಬಿಟ್ರು. ಅದೇ ಸಲ ಸೇರಿಸಿದ ಸೀನ್‌ಗಳಿಗೆ ನಟರಾದ ಈಸ್ಟ್‌ವುಡ್, ವಾಲಕ್ ಇಬ್ರೂ ಮುಪ್ಪಿನ ಕಾಲದಲ್ಲಿ ಇಂಗ್ಲಿಷ್ ಡಬ್ಬಿಂಗ್ ಮಾಡಿದ್ದು, ವ್ಯಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ರಿಂದ ಅವನಿಗೆ ಬೇರೆಯವನ ಧ್ವನಿ, ಹೆಡ್‌ಫೋನ್ ಹಾಕಿ ಕೇಳಿದ್ರೆ ಮೂವತ್ತೇಳು ವರ್ಷ ಒಂದೇ ಕಟ್‌ಲಿ ದಾಟಿಬಿಡುತ್ತೆ. ರೀಲ್ ಜಾರಿದ ಜಾಗ ಪೂರ್ತಿ ಸಿನಿಮಾ ನೋಡದೇ ಹುಡುಕೋಕೆ ನನ್ನದೊಂದು ಉಪಾಯ ಇದೆ, ಒಂದು ಸಿನಿಮಾ ಈಗ ಎರಡು ಸಂಜೇಲಿ ಮುಗಿಯುತ್ತೆ. ಅದನ್ನ ಇಲ್ಲಿ ಬರೆಯಲ್ಲ, ಭೇಟಿಯಾದಾಗ ಕಾಫಿ ಕೊಡಿಸಿ.

ಚಿತ್ರದ ಬಗ್ಗೆ ಒಂದೇ ಮಾತು. ಇವು ಹೆಚ್ಚಿನವು ಟೆಕ್ನಿಸ್ಕೋಪು ಅನ್ನೋ ವಿಧಾನದಲ್ಲಿ ತೆಗೆದದ್ದು, ಫಿಲ್ಮಿನ ಅಂಚಲ್ಲಿ ಫ್ರೇಮಿಗೆ ಎರಡೇ ತೂತು, ಅರ್ಧ ಫಿಲ್ಮ್ ಉಳಿಸೋ ಉಪಾಯ, ಹಾಗಾಗಿ ಕಾಳು ಕಾಳಾಗಿ ಕಾಣೋದೇ ಸರಿ. ನುಣ್ಣಗೆ ಮೇಣದ ಮುಖ ಕಂಡ್ರೆ ಆ ಡಿಸ್ಕ್ ಬೇಡ, ಎಷ್ಟೇ ಕಮ್ಮಿಗೆ ಸಿಕ್ರೂ ಬೇಡ.

ನಡುವೆ ಇನ್ನೊಂದು ಹುಚ್ಚು ಹಿಡೀತು. 'ಫಾರ್ ಎ ಫ್ಯೂ ಡಾಲರ್ಸ್ ಮೋರ್' ಟೈಟಲ್‌ನಲ್ಲಿ ಅಲೆಸ್ಸಾಂದ್ರೋನಿಯ ಶಿಳ್ಳೆ ಜೊತೆ ಟೊಂಯ್ ಟೊಂಯ್ ಅಂತ ಬರೋದು ನಮ್ಮ ಸಂಗೀತ ಕಚೇರಿಗಳ ಮೋರ್ಸಿಂಗ್‌ನ ಅಣ್ಣತಮ್ಮನೇ, ಸಿಸಿಲಿಯಲ್ಲಿ ಮರಾಂಜಾನೋ ಅಂತಾರೆ. ಊರಿಂದ ತಂದಿದ್ದ ಮೋರ್ಸಿಂಗ್ ತೆಗೆದು ಅದಕ್ಕೆ ಕೂಡಿಸೋಣ ಅಂತ ಹೊರಟೆ. ಶ್ರುತಿ ಮೇಲಿತ್ತು, ನಾಲಿಗೆ ತುದಿಗೆ ಮೇಣ ಮೆತ್ತಿ ಮೆತ್ತಿ ಇಳಿಸಿದೆ, ಜಾಸ್ತಿ ಮೆತ್ತಿದ್ರೆ ಸದ್ದೇ ಹೊರಡಲ್ಲ, ಕಮ್ಮಿ ಆದ್ರೆ ಮ್ಯೂಸಿಕ್ ಮಾಡಿದ ಮೊರಿಕೋನೆ ಒಂದು ಕಡೆ ನಾನೊಂದು ಕಡೆ. ಕೊನೆಗೆ ಹತ್ತು ಸೆಕೆಂಡ್ ಸರಿಯಾಗಿ ಕೂಡ್ತು, ಹಲ್ಲು ಎರಡು ದಿನ ಜುಂ ಅಂತಿತ್ತು. ಅಜ್ಜಾರು ಮೋರ್ಸಿಂಗ್ ಇಸ್ಕೊಂಡು ಹೋದೋರು ಇನ್ನೂ ವಾಪಸ್ ಕೊಟ್ಟಿಲ್ಲ. ಇನ್ನೊಂದು ಸಂಜೆ 'ಶೋಲೆ' ಹಾಕಿದ್ವಿ, ನಮ್ಮ ರಾಮನಗರದ ಬಂಡೆ ತೋರಿಸ್ಬೇಕಿತ್ತು ಅಷ್ಟೇ. ಠಾಕೂರನ ಮನೆಯವರನ್ನ ಕೊಲ್ಲೋ ಸೀನ್ ಶುರುವಾಗಿ ಅರ್ಧ ನಿಮಿಷ ಆಗಿಲ್ಲ, ಅಜ್ಜಾರು ಎದ್ದು ಕೂತು "ಫೋಂಡಾ! ಫೋಂಡಾ!" ಅಂದ್ರು. 1968ರ ಲಿಯೋನೆ ಸಿನಿಮಾದಲ್ಲಿ ಹೆನ್ರಿ ಫೋಂಡಾ ಮಕ್ಬೇನ್ ಮನೆಯವರನ್ನ ಕೊಲ್ಲೋದು ನೆನಪಾಗಿತ್ತು. ಬಂಡೆಗೆ ಮಾತ್ರ ಪೂರ್ತಿ ಮಾರ್ಕ್ಸ್, ಈ ವೆಸ್ಟರ್ನ್‌ಗಳನ್ನ ತೆಗೀತಿದ್ದ ಸ್ಪೇನಿನ ಅಲ್ಮೆರೀಯಾದಲ್ಲೂ ಇಂಥವಿಲ್ಲ ಅಂದ್ರು.

ಇನ್ನು ಚರ್ಚೆ. ಲಿಯೋನೆನ ಮೊದಲೇ ಹೊರಗಿಟ್ಟೆ, ಅವನಿದ್ರೆ ಮೊದಲ ನಾಲ್ಕು ಸೀಟು ಹೋಯ್ತು, ಮಾತಾಡೋಕೆ ಏನೂ ಉಳಿಯಲ್ಲ. ಕಾಮಿಡಿನೂ ಹೊರಗೆ, ಅದಕ್ಕೆ ಬೇರೆ ಪಟ್ಟಿ. ಒಂದು ವಾರಕ್ಕೆ ಎರಡು ಸಿನಿಮಾ, ಶನಿವಾರ ಒಂದು ಭಾನುವಾರ ಒಂದು, ಎರಡರಲ್ಲಿ ಯಾವ್ದು ಮೇಲು ಅಂತ ಅಷ್ಟೇ ಕೇಳೋದು. ನಂಬರ್ ಕೊಡೋದು, ಹತ್ತಕ್ಕೆ ಎಷ್ಟು, ಅದೆಲ್ಲ ಬಂದ್. ಮತ್ತೆ ನನ್ನದೇ ಒಂದು ರೂಲ್ ಹಾಕಿದೆ: ಓಟು ಹಾಕೋ ಮುಂಚೆ ನಿಮಗೆ ಇಷ್ಟ ಆಗದ ಸಿನಿಮಾದ ಪರ ಐದು ನಿಮಿಷ ವಾದ ಮಾಡ್ಬೇಕು. ಇದನ್ನ ಕೇಳಿ ಆಫೀಸಿನವನು ಎದ್ದೇ ಹೋಗಿದ್ದ. ಆದ್ರೆ ಕೆಲಸ ಮಾಡಿದ್ದೇ ಇದು. ಕ್ವೆಂತಿನ್ ತರಾಂತಿನೋ ಹೇಳಿದ್ದಾನೆ, ಅವನ್ಯಾರೋ ಬರೆದಿದ್ದಾನೆ ಅನ್ನೋ ಎರವಲು ಮಾತೆಲ್ಲ ಅಲ್ಲಿ ನಡೆಯಲ್ಲ, ಐದು ನಿಮಿಷ ತುಂಬಿಸ್ಬೇಕು ಅಂದ್ರೆ ಸಿನಿಮಾ ನೋಡಿರ್ಲೇಬೇಕು.

'ದ ಬಿಗ್ ಗನ್‌ಡೌನ್' ಪೂರ್ತಿ ಫೈಲ್ ಹಾಕಿದ ದಿನ ದಾವಣಗೆರೆಯವನು ಅದರ ವಿರುದ್ಧ ಓಟು ಹಾಕೋಕೇ ಅಂತ ಬಂದಿದ್ದ. ಹಾಗಾಗಿ ಪರವಾಗಿ ಮಾತಾಡ್ಬೇಕಾಯ್ತು. ಒಂದುಗಣ್ಣಿನ ಗಾಜು ಹಾಕಿರೋ ಆಸ್ಟ್ರಿಯಾದ ಬ್ಯಾರನ್ನಿಗೆ ಮೊರಿಕೋನೆ ಬೀಥೋವನ್‌ನ ಪಿಯಾನೋ ರಾಗ ಹೊಲಿದು ಕೊಟ್ಟಿರೋದರಿಂದ ಶುರು ಮಾಡಿದ, ಮಿಲಿಯಾನ್ ಮಾಡಿದ ಕುಚೀಲ್ಲೋ ಕೈಲಿ ಚಾಕು ಎದುರಿಗೆ ಬಂದೂಕು, ಬಡವನ ಬೇಟೆಗೆ ಶ್ರೀಮಂತರೆಲ್ಲ ನಾಯಿ ಬಿಟ್ಟು ಹೊರಡೋದು, ಹತ್ತು ನಿಮಿಷ ಆದ್ರೂ ನಿಲ್ಲಿಸಲಿಲ್ಲ. ಆಮೇಲೆ ಸುಮ್ಮನೆ ಕೂತು, "ಇದು ಬ್ಯಾರೇನೇ ಪಿಚ್ಚರ್ ಐತಲ್ಲಣ್ಣ" ಅಂದ. ಅಜ್ಜಾರು ಅವನ ಬೆನ್ನಿಗೆ ಹೊಡೆದ ಏಟು ಕೆಳಗಿನ ಮನೆಗೂ ಕೇಳಿರ್ಬೇಕು.

ಯಾವ ಭಾಷೆ ಆಡಿಯೋ ಅನ್ನೋದರ ಮೇಲೂ ಗಲಾಟೆ ಆಯ್ತು. ಅಜ್ಜಾರಿಗೆ ಲಿಯೋನೆಯ ಡಾಲರ್ ಸಿನಿಮಾಗಳ ಈಸ್ಟ್‌ವುಡ್ ಅಂದ್ರೆ ಇಟಾಲಿಯನ್ ಡಬ್ಬಿಂಗ್ ಮಾಡಿದ ಎನ್ರಿಕೋ ಮರಿಯಾ ಸಲೆರ್ನೋ ಧ್ವನಿ, ನಮಗೆ ಈಸ್ಟ್‌ವುಡ್ಡನದ್ದೇ. ಕೊನೆಗೆ ಇಟಾಲಿಯನ್ ಆಡಿಯೋ ಇಂಗ್ಲಿಷ್ ಸಬ್‌ಟೈಟಲ್ ಅಂತ ಎಲ್ಲಕ್ಕೂ ಒಂದೇ ಮಾಡಿದ್ವಿ.

ಮೊದಲ ಸ್ಥಾನ ಕೊರ್ಬೂಚಿಯ 'ದ ಗ್ರೇಟ್ ಸೈಲೆನ್ಸ್', 1968. ಹೀರೋ ಮೂಗ, ಟ್ರಾಂತಿನ್ಯಾಂ ಒಂದು ಮಾತೂ ಆಡಲ್ಲ, ಡಬ್ಬಿಂಗ್ ಜಗಳ ಅರ್ಧ ಅಲ್ಲೇ ಬಿತ್ತು. ಇಟಲಿಯ ಬೆಟ್ಟದೂರು ಕೊರ್ತೀನಾ ಕಡೆಯ ಹಿಮ, ಸ್ಟುಡಿಯೋ ಬೀದಿ ಸೀನಲ್ಲಿ ಮಾತ್ರ ಹಿಮದ ಬದಲು ಶೇವಿಂಗ್ ನೊರೆ, ಗೊತ್ತಾದ್ಮೇಲೂ ಚಳಿ ಕಮ್ಮಿ ಆಗಲ್ಲ. ವಿಲನ್ ಕ್ಲೌಸ್ ಕಿನ್ಸ್ಕಿ ಗೆದ್ದು ಕುದುರೆ ಹತ್ತಿ ಹೋಗೋ ಕೊನೆಯೇ ನಮ್ಮ ಫೈಲು, ಕೆಲವು ದೇಶಗಳಿಗೆ ಅಂತ ತೆಗೆದ ಸುಖಾಂತ್ಯ ಬೇರೆ ಹಾಕಿ ತೋರಿಸಿದೆ, ಐದೂ ಜನ ಒಟ್ಟಿಗೆ ಛೀ ಅಂದ್ವಿ, ಇಡೀ ಒಂದೂವರೆ ವರ್ಷದಲ್ಲಿ ಐದಕ್ಕೈದು ಬಿದ್ದ ಓಟು ಅದೊಂದೇ. ಎರಡನೇದು 'ಬಿಗ್ ಗನ್‌ಡೌನ್'. ಮೂರನೇದು ದಮಿಯಾನಿಯ 'ಎ ಬುಲೆಟ್ ಫಾರ್ ದ ಜನರಲ್', ಚಿತ್ರಕಥೆಗೆ 'ಬ್ಯಾಟಲ್ ಆಫ್ ಅಲ್ಜಿಯರ್ಸ್' ಬರೆದ ಫ್ರಾಂಕೋ ಸೊಲಿನಾಸ್ ಕೈ ಹಾಕಿದ್ದು, ನಟ ವೊಲೊಂತೆ ಕೊನೇಲಿ ರೊಟ್ಟಿ ಬೇಡ ಡೈನಮೈಟ್ ತಗೋ ಅಂತ ಕೂಗ್ತಾ ಓಡೋದಕ್ಕೇ ಓಟು ಬಿತ್ತು. ನಾಲ್ಕು 'ಫೇಸ್ ಟು ಫೇಸ್'. 'ಜಾಂಗೋ' ಎಂಟಕ್ಕೆ ಇಳೀತು, ಬೈಯೋರು ಬೈಕೊಳ್ಳಿ, ಶವದ ಪೆಟ್ಟಿಗೆ ಎಳ್ಕೊಂಡು ಕೆಸರಲ್ಲಿ ಬರೋ ಮೊದಲ ಹತ್ತು ನಿಮಿಷದ ಮಟ್ಟದಲ್ಲಿ ಉಳಿದಿದ್ದಿಲ್ಲ.

ಇಪ್ಪತ್ತನೇದಕ್ಕೆ ಕಸ್ತೆಲ್ಲಾರಿಯ 'ಕೆಯೋಮಾ'ಗೂ ಫುಲ್ಚಿಯ 'ಫೋರ್ ಆಫ್ ದ ಅಪೋಕಲಿಪ್ಸ್'ಗೂ ಪೈಪೋಟಿ ಬಿತ್ತು. 'ಕೆಯೋಮಾ'ದ ಹಾಡು ಇದೆಯಲ್ಲ, ಹೀರೋ ಮನಸ್ಸಲ್ಲಿ ಏನಿದೆ ಅಂತ ಸೀನ್ ಸೀನಿಗೂ ಕೀಚಲು ಧ್ವನೀಲಿ ಹೇಳೋದು, ಅದಕ್ಕೇ ನಾನು ವಿರುದ್ಧ ಹಾಕಿದೆ, ಮೂರು ಎರಡರಲ್ಲಿ ಸೋತೆ. ಹಾಡಿಲ್ಲದ ಫೈಲ್ ಮಾಡ್ತೀನಿ ಅಂದಿದ್ದಕ್ಕೆ ರೂಲ್ ಮಾಡಿದೋನೇ ವರ್ಷನ್ ಮುರೀತಾನೆ ಅಂತ ನನ್ನ ಮೇಲೇ ತಿರುಗಿಬಿದ್ರು.

ಈಗ ಕಾಮಿಡಿ ಪಟ್ಟಿ ಶುರು ಆಗ್ಬೇಕು, ಟೆರೆನ್ಸ್ ಹಿಲ್, ಬಡ್ ಸ್ಪೆನ್ಸರ್ ಜೋಡೀದು, ಜರ್ಮನ್ ಹೆಂಗಸು ಆಗಲೇ ಓಟು ಒಟ್ಟು ಮಾಡ್ತಾ ಓಡಾಡ್ತಿದ್ದಾಳೆ. ಅವಳ ಜರ್ಮನ್ ಡಬ್ಬಿಂಗ್‌ನ ಜೋಕುಗಳೇ ಬೇರೆ, ಇಟಾಲಿಯನ್ ಮಾತುಗಳೇ ಬೇರೆ, ಒಂದೇ ಆಡಿಯೋ ರೂಲ್ ಇಲ್ಲಿ ನಡೆಯೋ ಹಾಗೆ ಕಾಣ್ತಿಲ್ಲ. ಎರಡೂ ಆಡಿಯೋ ಹಾಕಿ ಎರಡು ಸಲ ನೋಡೋಣ ಅಂತ ನಾನು, ಅಜ್ಜಾರು ಜರ್ಮನ್‌ನಲ್ಲಿ ನಾನು ಕೂರಲ್ಲ ಅಂತ. ಬಾಲೊನ್‌ನಲ್ಲಿ ಈ ಜೋಡಿಯ ಎರಡನೇ 'ಟ್ರಿನಿಟಿ' ಸಿನಿಮಾದ ಪೇಪರ್ ಡಿವಿಡಿ ಗೀರಿಲ್ಲದ್ದು ಯಾರಿಗಾದ್ರೂ ಸಿಕ್ರೆ ಹೇಳಿ, ಮೂರು ಯೂರೋವರೆಗೂ ಕೊಡ್ತೀನಿ.